ಬೂದೆಪ್ಪ ಸತ್ತಾನಂತ ಅಂದವರು

ಮಸರಕಲ್ ಗೊತ್ತಲ್ಲ, ದೇವದುರ್ಗದ ಹಾದ್ಯಾಗ ಬರ್ತದ. ಅಲ್ಲಿ ಇಳದು ಹೊಲದ ದಾರಿ ಹಿಡಿದ್ರ ಒಂದೂವರಿ ಕಿಲೋಮೀಟರಿಗೆ ನಮ್ಮ ದೊಡ್ಡವ್ವನ ಮಗ ನಿಂಗರಾಜಣ್ಣನ ದೊಡ್ಡಿ. ದೊಡ್ಡಿ ಅಂದ್ರ ಹದಿನೈದಿಪ್ಪತ್ತು ಮನಿ, ಎಲ್ಲಾರೂ ಕುರಿ ಕಾಯೋರು. ದಾರಿ ನಡುವ ಒಂದು ಹಳೇ ಭಾವಿ. ನೀರು ಸೇದೋದು ಬಿಟ್ಟು ಯಾವ ಕಾಲಾತೋ. ಗಾಲಿ ಮಾತ್ರ ಇನ್ನಾ ಹಂಗ ತೂಗು ಬಿದ್ದದ. ಗಾಳಿ ಬಂದ್ರ ಕಿರ್ರ್… ಅಂತದ. ಮತ್ತ ಸುಮ್ಮನಾಗ್ತದ.

ಹೋದ ವರ್ಷ ಆಗಸ್ಟ್ ತಿಂಗಳದಾಗ ಒಂದಿನ ರಾತ್ರಿ ನಿಂಗರಾಜಣ್ಣ ಆ ದಾರಿ ಹಿಡಿದು ಒಬ್ಬನ ಬರಾಕತ್ತಿದ್ದ. ಸಿರವಾರದಾಗ ಬಸ್ ತಪ್ಪಿ, ಯಾವುದೋ ಲಾರಿ ಹತ್ತಿ ಬಂದು ಇಳಿಯೋದ್ರಾಗ ಹನ್ನೊಂದಾಗಿತ್ತು. ಹೆಗಲಿಗೆ ಬ್ಯಾಗು. ಬ್ಯಾಗಿನಾಗ ಒಂದು ಕಾಗದ. ಆ ಕಾಗದಕ್ಕಂತ ಅಂವ ಎಂಟು ತಿಂಗಳು ಓಡಾಡಿದ್ದ. ಕೈಗೆ ಬಂದ ಮ್ಯಾಲ ಮಾತ್ರ ಯಾಕರ ಬಂತೋ ಅನ್ನಂಗಾಗಿತ್ತು.

ಮೊದಲಿಗೆ ಆ ಕಾಗದದ ವಿಷಯ ಹೇಳ್ತೀನಿ, ಇಲ್ಲಂದ್ರ ಮುಂದಿಂದು ತಿಳಿಯಲ್ಲ.

ನಿಂಗರಾಜಣ್ಣನ ಮುತ್ತಜ್ಜ ಯಂಕಣ್ಣ. ಯಂಕಣ್ಣನ ಅಣ್ಣ ಬೂದೆಪ್ಪ. ಬ್ರಿಟಿಷರ ಕಾಲದಾಗ ಸಿಕಂದರಾಬಾದಿಗೆ ಹೋಗಿ ದಂಡಿನಾಗ ಸೇರಿದ್ದ. ಕುರಿ ಕಾದ ಕೈ ಅಲ್ಲೇನು… ಹೇಸರಗತ್ತಿ ಹೊಡಿಯೋ, ಅವುಗಳ ಗೊರಸು ನೋಡಿಕೊಳ್ಳೋ ಕೆಲಸ ಕೊಟ್ಟಿದ್ರಂತ. ಬರ್ಮಾ ಯುದ್ಧಕ್ಕ ಹೋದ, ಅಲ್ಲೇ ಸತ್ತ. ಆ ಮನ್ಯಾಗ ಹುಟ್ಟಿದ ಎಲ್ಲಾ ಮಕ್ಕಳೂ ಈ ಮಾತು ಕೇಳಿಕೋತ ಬೆಳದಾವ. ನಿಂಗರಾಜಣ್ಣ ಅಂತೂ ಸಾಲ್ಯಾಗ ಇದ್ದಾಗಿಂದ ಎದಿ ಉಬ್ಬಿಸಿ ಹೇಳಾಂವ. "ನಮ್ಮ ದೊಡ್ಡ ಮುತ್ಯಾ ಯುದ್ಧದಾಗ ಸತ್ತಾನ."

ಈಗ ಮಾನ್ವಿ ಬಸ್ ಸ್ಟ್ಯಾಂಡ್ ಹಂತ್ಯಾಕ ಅವನ ಝೆರಾಕ್ಸ್ ಅಂಗಡಿ ಅದ. ಮಂದಿಗೆ ಆನ್‌ಲೈನ್ ಅರ್ಜಿ ತುಂಬಿ ಕೊಡ್ತಾನ. ಹಿಂಗಿದ್ದಾಗ ಮಸರಕಲ್ ಊರ ಕೆರಿ ದಂಡಿಗೆ ಸೈನಿಕರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಬೇಕಂತ ಮಾತು ಬಂತು. ಪಂಚಾಯ್ತಿ ಮೆಂಬರ್ ಅಯ್ಯಪ್ಪ ಅನ್ನಾಂವ ಫೋನ್ ಮಾಡಿ, "ನಿಮ್ಮ ಮುತ್ಯಾನ ಹೆಸರ ಮೊದಲು ಹಾಕ್ತೀವಿ. ಒಂದು ದಾಖಲಿ ತಂದಿಡು," ಅಂದ.

ನಿಂಗರಾಜಣ್ಣನ ಅಂಗಡಿ ಪಕ್ಕದಾಗ ಖಲೀಲ್ ಸಾಹೇಬರದು ಚಪ್ಪಲಿ ಅಂಗಡಿ. ಅವರು ಹವಾಲ್ದಾರ್ ಆಗಿ ರಿಟೈರ್ ಆದವರು. "ಫೌಜಿನಾಗ ನಂಬರ್ ಇಲ್ದ ಮನುಷ್ಯಾ ಸಿಗಲ್ಲ ಬೇಟಾ. ನಂಬರ್ ಹುಡುಕು," ಅಂದ್ರು. ನಿಂಗರಾಜಣ್ಣ ತನ್ನ ಅಜ್ಜಿ ನೀಲಗಂಗಮ್ಮನ ಬೆನ್ನು ಬಿದ್ದ. ಅಕಿ ಯಂಕಣ್ಣನ ಸೊಸಿ. ಟ್ರಂಕಿನ ತಳದಾಗಿಂದ, ಹಳೇ ಸೀರಿ ತುಂಡಿನಾಗ ಸುತ್ತಿದ ಒಂದು ಕಾಗದ ತೆಗದು ಕೊಟ್ಟಳು. ದಂಡಿನವರು ಅವಾಗ ಕಳಿಸಿದ್ದು. ಅರ್ಧ ಹುಳ ತಿಂದಿತ್ತು, ನಂಬರ್ ಉಳದಿತ್ತು.

"ಮಲಗಿದ್ದನ್ನ ಯಾಕ ಎಬ್ಬಸ್ತಿ," ಅಂದಳಂತ ಅಜ್ಜಿ. ಅಂವ ಲಕ್ಷ್ಯ ಕೊಡ್ಲಿಲ್ಲ.

ಅರ್ಜಿ ಹಾಕಿದ. ಒಂದು ಕಚೇರಿ ಇನ್ನೊಂದಕ್ಕ ಬರೀತು, ಅದು ಮತ್ತೊಂದಕ್ಕ ಕಳಿಸ್ತು. ಎಂಟು ತಿಂಗಳಿಗೆ ಉತ್ತರ ಬಂತು. ಕಾರ್ಯಕ್ರಮಕ್ಕ ಇನ್ನ ಎರಡ ದಿನ ಇತ್ತು. ಕಲ್ಲು ಕೆತ್ತಿ ಆಗಿತ್ತು. ಇಂಗ್ಲಿಷಿನಾಗ ಎಲ್ಲಾ ದಂಡಿನವರ ಮೋಟು ಅಕ್ಷರ, ನಿಂಗರಾಜಣ್ಣಗ ತಿಳೀಲಿಲ್ಲ… ಖಲೀಲ್ ಸಾಹೇಬರು ಕನ್ನಡಕ ಹಾಕ್ಕೊಂಡು ಓದಿದ್ರು.

"ನಲವತ್ತೆರಡರಾಗ ಭರ್ತಿ. ಖಚ್ಚರ್ ಡ್ರೈವರ್, ಅಂದ್ರ ಹೇಸರಗತ್ತಿ ಹೊಡಿಯಾಂವ. ನಲವತ್ತಮೂರು… ಕಾಣಿಯಾಗ್ಯಾರ."

"ಸತ್ತಿದ್ದು ಯಾವಾಗಂತ ಅದ?"

ಸಾಹೇಬರು ಕಾಗದ ಹೊಳ್ಳಿಸಿ ನೋಡಿದ್ರು. ಮತ್ತ ಈ ಕಡಿ ನೋಡಿದ್ರು.

"ಸತ್ತಿಲ್ಲಪ್ಪಾ. ಜಪಾನಿಯವರು ಹಿಡದಿದ್ರು. ರಂಗೂನ್ ಜೇಲಿನಾಗ ಜೀವಂತ ಸಿಕ್ಕಾರ. ನಲವತ್ತಾರು ಫೆಬ್ರವರಿಗೆ ಡಿಸ್ಚಾರ್ಜ್. ಸಿಕಂದರಾಬಾದಿನಿಂದ ರಾಯಚೂರಿಗೆ ರೈಲು ಪಾಸು ಕೊಟ್ಟಾರ. ಮನಿಗೆ ಕಳಿಸೀವಿ ಅಂತ ಬರದಾರ ನೋಡು… ಮನಿಗೆ ಬಂದಿಲ್ಲೇನು?"

ನಿಂಗರಾಜಣ್ಣ ಆಮ್ಯಾಲ ಇದನ್ನ ನನ್ನ ಮುಂದ ತಲಿ ಕೆಳಗ ಹಾಕಿ ಹೇಳಿದ. ಆ ಮನುಷ್ಯಾ ಎಲ್ಲಿ ಹೋದ ಅನ್ನೋದು ತನ್ನ ತಲ್ಯಾಗ ಬರಲೇ ಇಲ್ಲಂತ. ಕಲ್ಲಿನ ಮ್ಯಾಲ ವೀರಮರಣ ಅಂತ ಕೆತ್ತ್ಯಾರ, ಮಂದಿ ನಗ್ತಾರ, ಅನ್ನೋದು ಮೊದಲು ಬಂತಂತ. ಕಾಗದ ಮಡಚಿ ಬ್ಯಾಗಿನಾಗ ಹಾಕ್ಕೊಂಡ.

"ಇದನ್ನ ಯಾರ ಮುಂದನೂ ಹೇಳಬ್ಯಾಡ್ರಿ," ಅಂದ.

ಸಾಹೇಬರು ಕನ್ನಡಕ ತೆಗದ್ರು. "ಫೌಜಿ ಜೀವಂತ ಮನಿಗೆ ಬರೋದು ತಪ್ಪೇನಪ್ಪಾ?" ಅಂದ್ರು. ಮತ್ತ ತಮ್ಮ ಅಂಗಡಿಗೆ ಎದ್ದು ಹೋದ್ರು.

ಆ ಕಾಗದ ಹೊತಗೊಂಡ ಅಂವ ಅವತ್ತು ರಾತ್ರಿ ಬರಾಕತ್ತಿದ್ದು.

ಮಳಿ ಬಂದು ನಿಂತಿತ್ತು. ಕಪ್ಪಿ ಒಟರಾಕತ್ತಿದ್ವು. ಫೋನಿನ ಬೆಳಕಿನಾಗ ಎರಿಮಣ್ಣಿನ ರಾಡಿ ನೋಡಿಕೋತ ನಡದಿದ್ದ. ಭಾವಿ ಇನ್ನಾ ದೂರ ಇತ್ತು… ಕಪ್ಪಿ ಎಲ್ಲಾ ಒಮ್ಮೆಲೆ ಬಾಯಿ ಮುಚ್ಚಿದ್ವು.

ಅವಾಗ ಕೇಳಿಸ್ತು. ಟಕ್… ಸರ್ರ್. ಟಕ್… ಸರ್ರ್. ಮೊಳಿ ಬಡದ ಬೂಟು. ಒಂದು ಕಾಲು ಊರತದ, ಇನ್ನೊಂದು ಎಳಕೊಂತ ಬರ್ತದ. ಆ ದಾರ್ಯಾಗ ಎಲ್ಲಾ ರಾಡಿ, ಬೂಟು ಟಕ್ ಅನ್ನಾಕ ಒಂದು ಹಲ್ಲಿನಷ್ಟು ಕಲ್ಲಿಲ್ಲ.

ಹಿಂದ ಹೊಳ್ಳಿ ನೋಡಿದ. ಯಾರಿಲ್ಲ. ಭಾವಿ ಹಂತ್ಯಾಕ ಬಂದು ಮುಂದ ನೋಡಿದ. ಭಾವಿ ಕಟ್ಟಿ ಮ್ಯಾಲ ಒಬ್ಬಾಂವ ಕುಂತಿದ್ದ. ಹೆಗಲ ಮ್ಯಾಲ ಕಂಬಳಿ. ಮಾರಿ ಭಾವಿ ಕಡಿ ಇತ್ತು.

"ಯಾರು?" ಅಂದ ನಿಂಗರಾಜಣ್ಣ.

"ದಾರ್ಯಾಗಿನಾಂವ." ದನಿ ಭಾಳ ಸಣ್ಣದು. ನೀರಡಿಸಿದ ಮನುಷ್ಯಾನ ದನಿ.

"ಎಲ್ಲಿಗೆ ಹೋಗ್ಬೇಕ್ರಿ?"

"ದೊಡ್ಡಿಗೆ."

"ಯಾರ ಮನಿಗೆ?"

"ಬೂದೆಪ್ಪನ ಮನಿಗೆ… ಅಲ್ಲಿ ಬಾಗಲಾ ತೆಗೀತಾರೇನು?"

ಈಗ ಕೇಳ್ರಿ. ಬ್ಯಾಗಿನಾಗ ಕಾಗದ ಅದ. ಕಾಗದದಾಗ ಏನದ ಅಂತ ಅವನಿಗೆ ಗೊತ್ತದ. ಆದ್ರ ಬಾಯಿಗೆ ಬಂದದ್ದು ಹಳೇ ಮಾತು.

"ಬೂದೆಪ್ಪ ಸತ್ತಾನ್ರಿ. ಬರ್ಮಾ ಯುದ್ಧದಾಗ ಸತ್ತ."

ಭಾವಿ ಗಾಲಿ ಕಿರ್ರ್… ಅಂತು. ಗಾಳಿ ಇರ್ಲಿಲ್ಲ.

"ಹೌದೇನು…" ಅಂದ ಆ ಮನುಷ್ಯಾ. "ನಾ ಬಂದು ಬಾಗಲಾ ಬಡದಾಗನೂ ಒಳಗಿಂದ ಹಿಂಗ ಅಂದ್ರು."

ನಿಂಗರಾಜಣ್ಣ ಓಡ್ಲಿಲ್ಲಂತ. ಓಡಾಕ ಬರ್ಲಿಲ್ಲಂತ. ಮನಿ ಮುಟ್ಟಿದ್ದು ಮಾತ್ರ ನೆನಪದ. ಬಾಗಲದಾಗ ಹೆಂಡ್ತಿ ನೇತ್ರಾವತಿ ನಿಂತಿದ್ದಳು. ನಮ್ಮ ದೊಡ್ಡವ್ವ ದೊಡ್ಡಪ್ಪ ಹಿಂಡು ಹೊಡಕೊಂಡು ದೂರ ಹೋಗಿದ್ರು, ಮನ್ಯಾಗ ಇವರಿಬ್ಬರು, ಅಜ್ಜಿ, ಇಷ್ಟ. ಅಂವ ಸೀದಾ ಅಜ್ಜಿ ಹಾಸಿಗಿ ಹಂತ್ಯಾಕ ಹೋಗಿ ಕುಂತ. ಕಾಗದ ತೆಗದು ಅಕಿ ಮುಂದ ಇಟ್ಟ.

"ಯವ್ವಾ… ಬೂದೆಪ್ಪ ಮುತ್ಯಾ ಮನಿಗೆ ಬಂದಿದ್ನೇನು?"

ನೀಲಗಂಗಮ್ಮಜ್ಜಿಗೆ ಓದಾಕ ಬರಲ್ಲ. ಕಾಗದದ ಮ್ಯಾಲ ಕೈ ಆಡಿಸಿ, ಎದ್ದು ಕುಂತು, ಸೆರಗು ತಲಿ ಮ್ಯಾಲ ಎಳಕೊಂಡಳು. ಆಮ್ಯಾಲ ಹೇಳಿದಳು. ಅಕಿ ಅತ್ತಿ ಸಾಯೋ ಹೊತ್ತಿನಾಗ ಅಕಿ ಕಿವ್ಯಾಗ ಹೇಳಿ ಹೋದ ಮಾತು.

ಅತ್ತಿ ಹೆಸರು ಆದೆಮ್ಮ. ಯಂಕಣ್ಣನ ಹೆಂಡ್ತಿ. ಆದ್ರ ಅದಕ್ಕೂ ಮೊದಲು… ಬೂದೆಪ್ಪನ ಹೆಂಡ್ತಿ.

ದಂಡಿನಿಂದ ಬಂದ ಮೊದಲ ಕಾಗದದಾಗ ಕಾಣಿಯಾಗ್ಯಾನ ಅಂತ ಇತ್ತು. ಅದನ್ನ ಓದಿ ಹೇಳಿದಾಂವ, ಹಂಗಂದ್ರ ಸತ್ತಂಗ, ಅಂದುಬಿಟ್ಟ. ಹಿರಿಯಾರು ಕೂಡಿ ಆದೆಮ್ಮಗ ಸೀರಿ ಉಡಿಸಿ ಮೈದುನ ಯಂಕಣ್ಣಗ ಕೊಟ್ರು. ಹುಡುಗಿಗೆ ಇಪ್ಪತ್ತು ತುಂಬಿರ್ಲಿಲ್ಲ. ವರ್ಷದಾಗ ಗಂಡು ಕೂಸು ಆತು. ಆ ಕೂಸು ಎದಿ ಹಾಲು ಕುಡಿಯೋ ಹೊತ್ತಿನಾಗ, ಒಂದು ರಾತ್ರಿ, ಬಾಗಲಾ ಸಪ್ಪಳಾತು. ಅಂಗೈಲೆ ಅಲ್ಲ. ಬೆರಳ ಗಣ್ಣಿಲೆ. ಮೂರು ಸಲ. ಆಮ್ಯಾಲ ದನಿ.

"ಆದೆಮ್ಮಾ… ನಾನು."

"ಯಂಕಣ್ಣ ಮಾವ ಗ್ವಾಡಿಗೆ ಮಾರಿ ಮಾಡಿ ನಿಂತುಬಿಟ್ಟನಂತ," ಅಂದಳು ಅಜ್ಜಿ. "ಬಾಗಲಾ ತೆಗದ್ರ ಅಕಿ ಯಾರ ಹೆಂಡ್ತಿ? ಕೂಸು ಯಾರದು? ಕುಲದವರು ಅಕಿನ್ನ ಹೊರಗ ಹಾಕ್ತಿದ್ರು. ಅಕಿ ಕೂಸಿನ ಬಾಯಿ ಎದಿಗೆ ಒತ್ತಿ ಹಿಡಕೊಂಡು, ಒಳಗಿಂದನ ಅಂದಳಂತ. ಬೂದೆಪ್ಪ ಸತ್ತಾನ. ನೀ ಯಾರೋ, ಹೋಗು."

"ಅಂವ ಏನಂದ?"

"ಏನೂ ಅನ್ಲಿಲ್ಲ. ಭಾಳ ಹೊತ್ತು ಅಲ್ಲೇ ನಿಂತಿದ್ದನಂತ. ಉಸುರಿನ ಸಪ್ಪಳ ಕೇಳ್ತಿತ್ತಂತ. ಆಮ್ಯಾಲ ಬೂಟಿನ ಸಪ್ಪಳ… ಭಾವಿ ಕಡಿ ಹೋತು."

ಮೂರು ದಿನಕ್ಕ ಭಾವ್ಯಾಗ ಹೆಣ ತೇಲಿತು. ಪೊಲೀಸರು ದೊಡ್ಡಿ ಮಂದಿನ್ನ ನಿಲ್ಲಿಸಿ ಕೇಳಿದ್ರು. ಯಂಕಣ್ಣ ನೋಡಿದ. ನನಗ ಗೊತ್ತಿಲ್ಲ, ಯಾರೋ ದಾರಿಹೋಕ, ಅಂದ. ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿದ. ಗುರುತು ಸಿಗದ ಹೆಣ ಅಂತ ಬರಕೊಂಡು ಭಾವಿ ದಂಡಿಗೇ ಮಣ್ಣು ಮಾಡಿದ್ರು. ಎರಡು ವರ್ಷ ಬ್ಯಾರೆಯವರ ಜೇಲಿನಾಗ ಜೀವ ಹಿಡಕೊಂಡು ಬಂದಾಂವ… ತನ್ನ ಮನಿ ಬಾಗಲದಾಗ ಅದನ್ನ ಬಿಟ್ಟ.

"ಆ ಕೂಸ ನಿಮ್ಮ ಅಜ್ಜ," ಅಂದಳು ನೀಲಗಂಗಮ್ಮ. "ಆ ಬಾಗಲಾ ತೆಗದಿದ್ರ ನಾವ್ಯಾರೂ ಇಲ್ಲಿ ಇರ್ತಿದ್ದಿಲ್ಲ. ನಾ ಇಷ್ಟು ವರ್ಷ ಮುಚ್ಚಿ ಇಟ್ಟೀನಿ. ನೀನೂ ಮುಚ್ಚಿಡು."

ನಿಂಗರಾಜಣ್ಣ ಮುಚ್ಚಿಟ್ಟ.

ಕಾರ್ಯಕ್ರಮದ ದಿನ ಕೆರಿ ದಂಡಿಗೆ ಪೆಂಡಾಲ್ ಹಾಕಿದ್ರು. ಸಾಲಿ ಮಕ್ಕಳು ಸಾಲಾಗಿ ನಿಂತಿದ್ವು. ಅಯ್ಯಪ್ಪ ಮೈಕಿನಾಗ, ಬರ್ಮಾ ಯುದ್ಧದಾಗ ವೀರಮರಣ ಹೊಂದಿದ ಬೂದೆಪ್ಪ ಅಂತ ಓದಿದ. ನಿಂಗರಾಜಣ್ಣನ ಹೆಗಲ ಮ್ಯಾಲ ಶಾಲು ಹೊದಿಸಿದ್ರು. ಮಂದಿ ಚಪ್ಪಾಳಿ ಹೊಡದ್ರು. ಅಂವ ಕೈ ಮುಗದು ನಕ್ಕ. ಫೋಟೋದಾಗೂ ನಗಾಕತ್ತ್ಯಾನ, ನಾ ನೋಡೀನಿ. ಆ ಫೋಟೋ ಈಗ ಯಾರರ ತೆಗದ್ರ ಅಂವ ಎದ್ದು ಹೊರಗ ಹೋಗ್ತಾನ.

ಅವತ್ತ ರಾತ್ರಿ ಬಾಗಲಾ ಸಪ್ಪಳಾತು.

ಟಕ್. ಟಕ್. ಟಕ್. ಬೆರಳ ಗಣ್ಣಿಲೆ.

ನಾಯಿ ಬೊಗಳ್ಲಿಲ್ಲ. ನೇತ್ರಾವತಿ ಎದ್ದು ಕುಂತಳು. "ಯಾರೋ ಬಂದಾರ. ತೆಗೀರಿ."

ನಿಂಗರಾಜಣ್ಣ ಎದ್ದು ಹೋದ. ಅಗಳಿ ಮ್ಯಾಲ ಕೈ ಇಟ್ಟ. ಬಾಗಲದ ಆ ಕಡಿ ಉಸುರು ಕೇಳಾಕತ್ತಿತ್ತು. ನಡುವ ಎರಡು ಬೆರಳಿನಷ್ಟು ಕಟಗಿ, ಅಷ್ಟ. ಒಳಗ ತಗೊಳ್ಳೋ ಉಸುರು ಗೊರಗೊರ ಅಂತಿತ್ತು, ನೀರು ಹೊಕ್ಕ ಎದಿ ಹಂಗ.

"ತೆಗೀರಿ," ಅಂದಳು ನೇತ್ರಾವತಿ ಮತ್ತ.

ಅವನ ಕೈ ಏಳಲಿಲ್ಲ. ಬಾಯೂ ತೆಗೀಲಿಲ್ಲ. ಹಂಗ ನಿಂತ. ಎಷ್ಟೋ ಹೊತ್ತಾದ ಮ್ಯಾಲ ಸಪ್ಪಳ ಹೋತು. ಟಕ್… ಸರ್ರ್. ಟಕ್… ಸರ್ರ್. ಭಾವಿ ಕಡಿ.

ಹೊಳ್ಳಿ ನೋಡಿದ್ರ ಮೂಲ್ಯಾಗ ಅಜ್ಜಿ ಕಣ್ಣು ಬಿಟಗೊಂಡು ಕುಂತಿದ್ದಳು. ನೇತ್ರಾವತಿಗೆ ಎಲ್ಲಾ ಗೊತ್ತಿತ್ತು, ಎರಡು ದಿನದ ಹಿಂದ ಅಕಿನೂ ಅಲ್ಲೇ ಕುಂತು ಕೇಳಿದ್ದಳು. ಅಕಿ ದನಿ ಏರಿಸ್ಲಿಲ್ಲ. "ಅವಾಗ ಆದೆಮ್ಮಜ್ಜಿಗೆ ಕೂಸಿತ್ತು, ಹೆದರಿದಳು," ಅಂದಳು. "ನಿಮಗೇನಿತ್ರಿ?"

ಆ ಮಾತು ನನಗ ಹೇಳೋವಾಗ ನಿಂಗರಾಜಣ್ಣ ಗ್ವಾಡಿ ಕಡಿ ಮಾರಿ ಮಾಡಿಕೊಂಡಿದ್ದ.

ಮುಂಜಾನಿ ಎದ್ದು ಶಾಲು ಮಡಚಿ ಕೈಯಾಗ ಹಿಡಕೊಂಡು, ಕಾಗದ ಬಕ್ಕಣದಾಗ ಇಟಗೊಂಡು ಪಂಚಾಯ್ತಿಗೆ ಹೋದ. ಕಟ್ಟಿ ಮ್ಯಾಲ ಹದಿನೈದು ಮಂದಿ ಕುಂತಿದ್ರು. ಅಯ್ಯಪ್ಪನ ಮುಂದ ಶಾಲು ಇಟ್ಟು ನಿಂತಗೊಂಡ ಹೇಳಿದ. ಬೂದೆಪ್ಪ ಯುದ್ಧದಾಗ ಸತ್ತಿಲ್ಲ. ಮನಿಗೆ ಬಂದಿದ್ದ. ನಾವು ಬಾಗಲಾ ತೆಗೀಲಿಲ್ಲ. ಭಾವ್ಯಾಗ ಬಿದ್ದು ಸತ್ತ. ನಮ್ಮಂವ ಅಲ್ಲಂತ ನಮ್ಮ ಮುತ್ಯಾ ಹೆಬ್ಬಟ್ಟು ಒತ್ತಿದ. ಇದೆಲ್ಲಾ ಗೊತ್ತಾದ ಮ್ಯಾಲ ನಾ ನಿನ್ನಿ ಶಾಲು ಹೊತಗೊಂಡೆ.

ಒಬ್ಬ ಮುದುಕ ಎಲಿ ಅಡಿಕಿ ಉಗುಳಿ ಎದ್ದು ಹೋದ.

"ಕಲ್ಲು ನಿಂತಾಗೇದಲ್ಲಲೇ," ಅಂದ ಅಯ್ಯಪ್ಪ. "ಈಗೇನ್ ಮಾಡ್ಲಿ?"

"ಸತ್ತ ಅನ್ನೋದನ್ನ ತೆಗಸು. ಬಂದ ಅಂತ ಬರಸು."

ಅಯ್ಯಪ್ಪ ಸಿಟ್ಟಾದ, ಆದ್ರ ತೆಗಸಿದ. ನೀವು ಯಾವಾಗರ ಆ ಕಡಿ ಹೋದ್ರ ನೋಡ್ರಿ. ಮೊದಲನೇ ಸಾಲಿನಾಗ ಉಳಿ ಹೊಡದು ಕೆರದ ಗುರುತದ. ಅದರ ಕೆಳಗ, ಯುದ್ಧದಿಂದ ಮನಿಗೆ ಬಂದ, ಅಂತ ಕೆತ್ತ್ಯಾರ. ದೊಡ್ಡಿ ಮಂದಿ ಕೆಲವರು ಇನ್ನಾ ಅವರ ಮನಿ ಕಡಿ ಹೊಳ್ಳಿ ನೋಡಲ್ಲ. ಮನಿತನದ ಮಾನ ಸಂತ್ಯಾಗ ಇಟ್ಟ ಅಂತಾರ.

ಕಲ್ಲಿನ ಕೆಲಸ ಮುಗದ ದಿನ ಅಂವ ನನಗ ಫೋನ್ ಮಾಡಿ, "ಮಲ್ಲಿಕಾ, ಇವತ್ತು ರಾತ್ರಿ ನಮ್ಮ ಜೋಡಿ ಇರಬೇ," ಅಂದ. ನಾ ರಾಯಚೂರಾಗ ನರ್ಸ್ ಕೆಲಸ ಮಾಡ್ತೀನಿ. ಡ್ಯೂಟಿ ಮುಗಿಸಿ ಸಂಜಿ ಬಸ್ಸಿಗೆ ಹೋದೆ.

ಅವತ್ತು ಅಜ್ಜಿ ಎರಡೂ ಬಾಗಲಾ ಪೂರ್ತಿ ತೆಗಸಿದಳು. ಹೊಸ್ತಿಲ ಹಂತ್ಯಾಕ ಕಂಬಳಿ ಹಾಸಿದಳು, ಒಂದು ತಂಬಿಗಿ ನೀರು ಇಟ್ಟಳು. ನಾವು ನಾಕು ಮಂದಿ ಒಳಗ ಕುಂತ್ವಿ. ಹನ್ನೆರಡು ದಾಟಿದ ಮ್ಯಾಲ ಅಜ್ಜಿ ಎದ್ದು, ಮಾವನ ಮುಂದ ಸೊಸಿ ನಿಲ್ಲೋ ಹಂಗ ಸೆರಗು ಹಣಿ ತನಕ ಎಳಕೊಂಡು, ಹೊರಗಿನ ಕತ್ತಲಿಗೆ ಹೇಳಿದಳು.

"ದೊಡ್ಡ ಮಾವ… ಬಾಗಲಾ ತೆಗದೀವಿ. ತಪ್ಪಾಗೇದ. ಬರ್ರಿ."

ಯಾರೂ ಬರ್ಲಿಲ್ಲ. ಬೂಟಿಲ್ಲ, ಉಸುರಿಲ್ಲ, ಏನೂ ಇಲ್ಲ. ಕಪ್ಪಿ ಒಟರತಾನ ಇದ್ವು. ನಾವು ಕಣ್ಣು ಮುಚ್ಚಿಲ್ರಿ, ನಾಕು ಮಂದಿನೂ ಮುಚ್ಚಿಲ್ಲ. ಬೆಳಕು ಹರಿಯೋ ಹೊತ್ತಿಗೆ ತಂಬಿಗ್ಯಾಗಿನ ನೀರು ಇದ್ದಷ್ಟ ಇತ್ತು. ಅಜ್ಜಿ ಅದನ್ನ ನೋಡಿ, "ಯಾಕ ಬರ್ತಾರ," ಅಂದಳು. "ನಮ್ಮ ಮನಿಗೆ ಯಾಕ ಬರ್ತಾರ." ನಿಂಗರಾಜಣ್ಣ ಎರಡೂ ಕೈಯಾಗ ಮಾರಿ ಮುಚಗೊಂಡ.

ಅಷ್ಟರಾಗ ನೇತ್ರಾವತಿ ಹಿತ್ತಲದ ಹಟ್ಟಿಗೆ ಹೋಗಿದ್ದಳು. ಹಿಂಡಿನ ಜೋಡಿ ನಡಿಯಾಕ ಆಗ್ದ ನಾಕು ಕುರಿ ಮನ್ಯಾಗ ಬಿಟ್ಟಿದ್ರು. ಅದರಾಗೊಂದು ಮುಂದಿನ ಕಾಲು ನೆಲಕ್ಕ ಊರತಿರ್ಲಿಲ್ಲ, ಗೊರಸು ಕೊಳತಿತ್ತು. ಹಿಂದಿನ ಸಂಜಿ ನಾನ ನೋಡಿ, ನಾಳೆ ದನದ ಡಾಕ್ಟರ್ ಹಂತ್ಯಾಕ ಹೋಗ್ರಿ ಅಂದಿದ್ದೆ.

"ಮಲ್ಲಿಕಾ, ಬಾ ಇಲ್ಲಿ," ಅಂತ ಸಣ್ಣ ದನಿಲೆ ಕರದಳು.

ಕುರಿ ನಾಕೂ ಕಾಲಿನ ಮ್ಯಾಲ ನಿಂತಿತ್ತು. ಗೊರಸು ಕೆರದು ಸ್ವಚ್ಛ ಮಾಡಿದ್ರು. ಕೊಳತದ್ದು ಒಂದು ಎಳಿ ಉಳದಿರ್ಲಿಲ್ಲ. ಅದರ ಮ್ಯಾಲ ಹಿಂದಕ ದಂಡಿನವರು ಕಾಲಿಗೆ ಸುತ್ತತಿದ್ದ ಹಂತಾ ಖಾಕಿ ಬಟ್ಟಿ ಪಟ್ಟಿ, ಒಂದರ ಅಂಚಿನ ಮ್ಯಾಲ ಒಂದು, ಅಳತಿ ಹಿಡದಂಗ ಸುತ್ತಿ ಕಟ್ಟಿತ್ತು. ಬಟ್ಟಿ ಒದ್ದಿ ಇತ್ತು. ರಾತ್ರಿ ಮಳಿ ಬಂದಿರ್ಲಿಲ್ಲ.

ನಾ ಹನ್ನೆರಡು ವರ್ಷದಿಂದ ದಿನಾ ಪಟ್ಟಿ ಕಟ್ಟಾಕಿ. ಹಂತಾ ಗಂಟು ನನಗ ಬರಲ್ಲ. ನಿಂಗರಾಜಣ್ಣಗೂ ಬಿಚ್ಚಾಕ ಬರ್ಲಿಲ್ಲ, ಹಂಗ ಬಿಟ್ವಿ. ಎಂಟು ದಿನಕ್ಕ ತಾನ ಉದುರಿ ಬಿತ್ತಂತ, ಕುರಿ ನೆಟ್ಟಗ ಮೇಯಾಕ ಹೋತಂತ.

ನೀವು ನಂಬ್ರಿ, ಬಿಡ್ರಿ. ಆ ಕುರಿ ಕಾಲು ನಾ ಈ ಕೈಲೆ ಹಿಡದು ನೋಡೀನಿ.